ಮೆಟ್ಟಿಲಕ್ಕನ ಹಿಂದೆ ಹತ್ತಿದವರು

ಬೆಳಗಿನ ಆರೂವರೆ. ನಾಲ್ಕು ಅಂತಸ್ತಿನ ಹಳೆಯ ವಸತಿ ಕಟ್ಟಡದೊಳಗೆ ಇನ್ನೂ ಮಬ್ಬುಗತ್ತಲು. ಕಾರ್ಖಾನೆಯ ಮೊದಲ ಪಾಳಿಯವರು ದಡದಡ ಇಳಿಯುತ್ತಿದ್ದಾರೆ. ಅವರಿಗೆ ದಾರಿ ಬಿಡುತ್ತಾ, ಗೋಡೆಗೊತ್ತಿಕೊಂಡು ಮೇಲೇರುತ್ತಿರುವ ಐವತ್ತೆಂಟರ ಹೆಂಗಸೇ ಮೆಟ್ಟಿಲಕ್ಕ. ಬೆನ್ನ ಹಿಂದೆ ಏದುಸಿರು ಬಿಡುತ್ತಾ ಬರುತ್ತಿರುವ ಇಬ್ಬರು ಹುಡುಗಿಯರು ಸಮಾಜಕಾರ್ಯದ ವಿದ್ಯಾರ್ಥಿನಿಯರು. ಒಬ್ಬಳು ಈ ಊರಿನವಳೇ. ಇನ್ನೊಬ್ಬಳು ಬೇರೆ ದೇಶದವಳು; ಇಲ್ಲಿಯ ಮಾತು ಅವಳ ನಾಲಿಗೆಗೆ ಈಗಷ್ಟೇ ಹತ್ತುತ್ತಿದೆ.

ಮೂರನೇ ಮಹಡಿಯಲ್ಲಿ ಆ ಹೊರದೇಶದ ಹುಡುಗಿ ಒಂದು ಮನೆಯ ಬಾಗಿಲನ್ನು ಬಡಬಡನೆ ಬಡಿಯುತ್ತಾಳೆ. ಅಕ್ಕ ಅವಳ ಕೈ ಹಿಡಿಯುತ್ತಾಳೆ. "ಒಂದ್ಸಲ ತಟ್ಟಿದ್ರೆ ಸಾಕು ಕಣಮ್ಮ. ಒಳಗೆ ಮಗು ಮಲಗಿಸ್ತಿರ್ತಾರೋ, ತಲೆ ಬಾಚ್ಕೊಳ್ತಿರ್ತಾರೋ. ನಾವೇನು ಪೊಲೀಸರಾ?"

ಬಡಾವಣೆಯ ನೆರವು ಕೇಂದ್ರದ ಕಡತದಲ್ಲಿ ಆಕೆ ಬರೀ ಸಹಾಯಕಿ. ದಿನಕ್ಕೆ ಹದಿನಾಲ್ಕು ಮನೆ ಸುತ್ತುವ ಈ ಕೆಲಸಕ್ಕೆ ಇಪ್ಪತ್ತಾರು ವರ್ಷ. ಅಷ್ಟರಲ್ಲಿ ಆಕೆಯ ಹಿಂದೆ ಮೆಟ್ಟಿಲು ಹತ್ತಿ ಕೆಲಸ ಕಲಿತವರು ಮುನ್ನೂರಕ್ಕೂ ಹೆಚ್ಚು ಮಂದಿ, ಏಳು ದೇಶಗಳವರು.

ಗಾರೆ ಕೆಲಸದ ಗಂಡ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಮೂರು ತಿಂಗಳು ಆಕೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಕೇಂದ್ರದ ಹಿರಿಯ ಕಾರ್ಯಕರ್ತೆಯೊಬ್ಬರು ವಾರವಾರವೂ ಬರುತ್ತಿದ್ದರು. "ಅವರು ಏನೂ ಕೇಳ್ತಿರ್ಲಿಲ್ಲ. ಮಗಳ ತಲೆ ಬಾಚಿ, ಜಡೆ ಹಾಕಿ ಹೋಗೋರು. ಒಂದಿನ ನಾನೇ ಅವರ ಹಿಂದೆ ಹೊರಟೆ."

ಮೊದಲು ಸಿಕ್ಕಿದ್ದು ಕೇಂದ್ರದ ಕಸ ಗುಡಿಸುವ ಕೆಲಸ; ಆಮೇಲೆ ಮನೆ ಸುತ್ತುವುದು. ಓದುಬರಹ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಖಾಲಿ ಅರ್ಜಿಗಳ ಬೆನ್ನಿನ ಮೇಲೆ ಅಕ್ಷರ ತಿದ್ದಿಸಿದಳು. "ನಾನು ಕದ ತಟ್ಟೋದು ಹೇಳ್ಕೊಟ್ಟೆ, ಅವಳು ಅಆಇಈ ಹೇಳ್ಕೊಟ್ಲು. ಈಗ ಹೇಳಿ, ಯಾರು ಯಾರಿಗೆ ಮೇಷ್ಟ್ರು?" ಎಂದು ನಗುತ್ತಾಳೆ.

ಒಂದು ಮನೆಯವರ ಹೆಸರನ್ನು ಮಾತ್ರ ಆಕೆ ಯಾರಿಗೂ ಹೇಳುವುದಿಲ್ಲ. ಹನ್ನೊಂದು ವರ್ಷದ ಹಿಂದೆ, ಹೊರದೇಶದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಅರ್ಜಿಯಲ್ಲಿದ್ದ ಪ್ರಶ್ನೆಯನ್ನು ಆ ಮನೆಯ ಅತ್ತೆಯ ಎದುರಿಗೇ ಸೊಸೆಗೆ ಕೇಳಿಬಿಟ್ಟಳು: "ಗಂಡ ಹೊಡೀತಾನಾ?" ಬಾಗಿಲು ದಢಾರನೆ ಮುಚ್ಚಿತು. ಮಾರನೆಯ ದಿನದಿಂದ ಸೊಸೆ ನಲ್ಲಿಯ ಹತ್ತಿರವೂ ಕಾಣಲಿಲ್ಲ. ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತಳು. "ನನ್ನಿಂದ ಆಗಲ್ಲ ಅಕ್ಕ, ಕೋರ್ಸ್ ಬಿಡ್ತೀನಿ."

"ಬಿಡು, ಬೇಡ ಅನ್ನಲ್ಲ. ಆದ್ರೆ ಈ ಬಾಗಿಲು ಮುಚ್ಚಿಸಿದ್ದು ನಾವು. ತೆಗೆಸಿ ಹೋಗೋಣ."

ಅಂದಿನಿಂದ ಅಕ್ಕ ಸೊಸೆಯ ಸುದ್ದಿಯನ್ನೇ ಎತ್ತಲಿಲ್ಲ. ಹೋದಾಗಲೆಲ್ಲ ಬಾಗಿಲಾಚೆ ನಿಂತು ಅತ್ತೆಯ ಮಂಡಿನೋವು ವಿಚಾರಿಸಿದಳು. ಮೊದಮೊದಲು ಬೈಗುಳ, ಆಮೇಲೆ ಮೌನ, ಕೊನೆಗೆ ಉತ್ತರ. ಇಪ್ಪತ್ತನೆಯ ದಿನ ಹುಡುಗಿ ಅತ್ತೆಯನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಅಕ್ಕ ಸೊಸೆಯ ಜೊತೆ ಮನೆಯಲ್ಲೇ ಉಳಿದಳು. ಆ ಎರಡು ಗಂಟೆಯಲ್ಲಿ ಸೊಸೆ ಬಾಯಿಬಿಟ್ಟಳು. ವಾರದೊಳಗೆ ಅವಳೂ ಅವಳ ಮಗುವೂ ಸುರಕ್ಷಿತ ಜಾಗ ಸೇರಿದರು. ಈಗ ಅವಳದೇ ಹೊಲಿಗೆ ಅಂಗಡಿಯಿದೆ.

ಆ ವಿದ್ಯಾರ್ಥಿನಿ ಕೋರ್ಸ್ ಬಿಡಲಿಲ್ಲ. ಇಂದು ತನ್ನ ದೇಶದಲ್ಲಿ ಸಮಾಜಕಾರ್ಯ ಕಲಿಸುವ ಅಧ್ಯಾಪಕಿ. ಇವತ್ತು ಬಾಗಿಲು ಬಡಿದ ಹುಡುಗಿ ಆಕೆಯ ಶಿಷ್ಯೆ. ಅವಳನ್ನು ಕಳಿಸುವಾಗ ಅಧ್ಯಾಪಕಿ, ಆಗ ಕಲಿತ ಇಲ್ಲಿಯ ಮಾತಿನಲ್ಲೇ ಬರೆದ ಒಂದು ಪತ್ರ ಕೊಟ್ಟಿದ್ದಳು: "ಅಕ್ಕ, ಪ್ರತಿ ವರ್ಷ ನನ್ನ ತಪ್ಪನ್ನೇ ಮೊದಲ ಪಾಠ ಮಾಡ್ತೀನಿ." ಮೆಟ್ಟಿಲಕ್ಕ ಅದನ್ನು ತಾನೇ ಕೂಡಿಸಿ ಕೂಡಿಸಿ ಓದಿಕೊಂಡಳು, ಎರಡು ಸಲ.

ಎರಡು ವರ್ಷದಲ್ಲಿ ನಿವೃತ್ತಿ. ಏನು ಆಸೆ ಎಂದರೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಾಳೆ:

"ನನ್ನ ಕಾಲೂ ಒಂದಿನ ನಿಲ್ಲುತ್ತಲ್ಲ? ಆಗ ಇವರಲ್ಲೇ ಯಾರಾದ್ರೂ ನನ್ನ ನೋಡಕ್ಕೆ ಬರ್ಲಿ. ಬಂದೋರಿಗೆ ಅಂತ ಒಂದು ಕುರ್ಚಿ ಈಗ್ಲೇ ತಂದಿಟ್ಟಿದ್ದೀನಿ."