ಯಜಮಾನರು ನಾಲ್ಕು ಸಲ ಕೂತ ಬೆಟ್ಟ

ನಕ್ಷೆ ತಯಾರಿಸುವ ಕ್ಷೇತ್ರದಲ್ಲಿ ಕಂಪ್ಯೂಟರಿಗೆ ಕೆಲಸ ಒಪ್ಪಿಸಿ ಚಹಾ ಕುಡಿಯಲು ಹೋಗುವ ನಮ್ಮಂಥವರು ಬೇಕಾದಷ್ಟಿದ್ದೇವೆ. ಅದೇ ಕಂಪ್ಯೂಟರಿನ ಮುಂದೆ ಕೂತು, ಬೆಟ್ಟದ ಒಂದೊಂದು ಇಳಿಜಾರಿಗೂ ಡಿಜಿಟಲ್ ಕುಂಚದಿಂದ ಕೈಯಾರೆ ನೆರಳು ತುಂಬುವವರು ನಾನು ಕಂಡಂತೆ ಒಬ್ಬರೇ. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಮೊನ್ನೆ ನಿವೃತ್ತರಾದ, ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ 'ಬೆಟ್ಟದಕ್ಕ' ಎನಿಸಿಕೊಂಡ ನಮ್ಮ ಹಿರಿಯ ಸಹೋದ್ಯೋಗಿಯನ್ನು ಕುರಿತು ಈ ಅಭಿನಂದನ ಗ್ರಂಥಕ್ಕೆ ಬರೆಯುವುದು ನನ್ನ ಭಾಗ್ಯ. ಹನ್ನೆರಡು ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡ ಒಂದು ಮಾತೂ ಇದೆ, ಅದನ್ನೂ ಹೇಳಬೇಕು.

ಗುಂಡಿ ಒತ್ತಿದರೆ ಸಾಫ್ಟ್‌ವೇರ್ ತಾನೇ ನೆರಳು ಹಾಕಿಕೊಡುತ್ತದೆ. "ಅದೇನು ಬೆಟ್ಟ ಹತ್ತಿ ನೋಡಿದೆಯಾ?" ಎಂದು ಅಕ್ಕ ಮೂಗು ಮುರಿಯುತ್ತಿದ್ದರು. ರಜೆ ಬಂತೆಂದರೆ, ಹೊಲಿಗೆ ಯಂತ್ರದ ಮುಂದೆ ಕೂತೇ ಜೀವನ ಸಾಗಿಸಿದ, ಮೈಕೈ ತುಂಬಿಕೊಂಡ ತಮ್ಮ ದರ್ಜಿ ಯಜಮಾನರನ್ನು ಹೊರಡಿಸಿಕೊಂಡು ಬೆಟ್ಟಕ್ಕೆ ನಡೆದರೆಂದೇ ಅರ್ಥ. ಅವರು ಏದುಸಿರು ಬಿಡುತ್ತ ಎಲ್ಲಿ ಕೂರುತ್ತಾರೋ ಅಲ್ಲಿ ಅಕ್ಕನ ಚೀಟಿಯಲ್ಲಿ ಒಂದು ಗೀಟು. ಒಂದು ಸಲ ಕೂತ ಏರಿಗೆ ತಿಳಿಬೂದು, ನಾಲ್ಕು ಸಲ ಕೂತದ್ದಕ್ಕೆ ಕಾಡಿಗೆಗಪ್ಪು. ಬಣ್ಣ ತುಂಬಿದೊಡನೆ ಚೀಟಿ ಹರಿದು ಬುಟ್ಟಿಗೆ. ನಮ್ಮ ನಕ್ಷೆ ಹಿಡಿದು ಬೆಟ್ಟ ಹತ್ತಿದವರಿಗೆ, ತಾವು ನಂಬಿದ್ದು ಒಬ್ಬ ದರ್ಜಿಯ ಮಂಡಿಯನ್ನು ಎಂಬುದು ಪಾಪ, ಗೊತ್ತೇ ಇರಲಿಲ್ಲ.

ನಾನು ಸೇರಿ ಒಂಬತ್ತನೇ ದಿನ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಂಜೆ ನಾಲ್ಕಕ್ಕೆ ಮುದ್ರಣಕ್ಕೆ ಹೋಗಬೇಕಿದ್ದ ನಕ್ಷೆಯಲ್ಲಿ ಒಂದು ಕೆರೆಯ ಅಂಚು ತಿದ್ದಲು ಹೇಳಿದರೆ, ಅತಿಬುದ್ಧಿವಂತನಾದ ನಾನು ನಯಗೊಳಿಸುವ ಕುಂಚ ಹಿಡಿದು ಪೂರ್ವದ ಬೆಟ್ಟವನ್ನೆಲ್ಲ ಸವರಿ, ಅದನ್ನೇ ಹಳೆಯ ಫೈಲಿನ ಮೇಲೆ ಉಳಿಸಿ, ಕಂಪ್ಯೂಟರನ್ನೂ ಆರಿಸಿಬಿಟ್ಟೆ. ಮತ್ತೆ ತೆರೆದರೆ ಬೆಟ್ಟವಿದ್ದಲ್ಲಿ ಚಾಪೆ ಹಾಸಿದಂಥ ಬಯಲು! ಕೆಲಸ ಹೋಯಿತೆಂದೇ ಬಗೆದು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡೆ.

ಅಕ್ಕ ಗದರಲಿಲ್ಲ. ಮನೆಗೆ ಫೋನು ಮಾಡಿದರು. "ರೀ, ಪೂರ್ವದ ಏರಲ್ಲಿ ಎಷ್ಟು ಸಲ ಕೂತ್ರಿ?"

"ಐದು," ಎಂದಿತು ಆ ಕಡೆಯ ದನಿ.

"ನಾಲ್ಕಲ್ವಾ?"

"ಐದನೇದು ನಿನ್ನ ಮೇಲೆ ಮುನಿಸ್ಕೊಂಡು ಕೂತಿದ್ದು ಕಣೇ."

"ಜಗಳದ್ದು ಲೆಕ್ಕಕ್ಕಿಲ್ಲ," ಎಂದವರೇ ಫೋನಿಟ್ಟು, ಬೆಟ್ಟವನ್ನು ಮೊದಲಿಂದ ಬರೆಯತೊಡಗಿದರು.

ನಕ್ಷೆ ಮುದ್ರಣಾಲಯ ತಲುಪಿದ್ದು ಮರುದಿನ. ನಿರ್ದೇಶಕರು ಕೆಂಡವಾಗಿ, "ಯಾರ್ರೀ ಮಾಡಿದ್ದು ಇದನ್ನ?" ಎಂದಾಗ, ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನನ್ನ ಕೈ ಜಾರ್ತು ಸಾರ್" ಎಂದುಬಿಟ್ಟರು. ಆ ವರ್ಷ ಅವರಿಗೆ ಬರಬೇಕಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ತಪ್ಪಿಹೋಯಿತು. ನಿಜ ಹೇಳಿಬಿಡುತ್ತೇನೆಂದು ನಾನು ಅಳುಮೋರೆ ಹೊತ್ತು ಹೋದರೆ, "ನಾನು ರಿಟೈರ್ ಆಗೋದ್ರೊಳಗೆ ಬಾಯಿ ಬಿಟ್ಟೆಯೋ, ನೋಡು ಮತ್ತೆ! ಮೊದಲು ಕುಂಚ ಹಿಡಿಯೋದು ಕಲಿ" ಎಂದರು. ತಾವೇ ಕೂರಿಸಿಕೊಂಡು ಕಲಿಸಿದರು. ಈಗ ಆ ಮುಖ್ಯಸ್ಥರ ಕುರ್ಚಿಯಲ್ಲಿ ಕೂತಿರುವವನು ನಾನೇ ಎಂದು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಅಕ್ಕ ನಿವೃತ್ತರಾದರು, ಅವರು ಹಾಕಿದ ಗಡುವೂ ಮುಗಿಯಿತು. ಅಂದು ಬೆಟ್ಟ ಸವರಿದ ಕೈ ನನ್ನದು ಎಂದು ಈ ಗ್ರಂಥದ ಮೂಲಕ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಅಕ್ಕನಿಗೂ ಯಜಮಾನರಿಗೂ ದೀರ್ಘಾಯುಷ್ಯವಿರಲಿ, ಅಕ್ಕನ ಕುಂಚಕ್ಕೆ ಬಿಡುವು ಸಿಗದಿರಲಿ. ಹತ್ತಬೇಕಾದ ಬೆಟ್ಟಗಳು ಇನ್ನೂ ಬಹಳ ಇವೆ. ದಾರಿಯಲ್ಲಿ ಯಜಮಾನರು ಎಷ್ಟು ಸಲ ಬೇಕಾದರೂ ಕೂರಲಿ. ಕೂತಾಗಲೆಲ್ಲ ಏದುಸಿರಿಗಲ್ಲ, ಜಗಳಕ್ಕೇ ಕೂರಲಿ.