ಕೊಬ್ಬರಿ ಮನೆಯ ಹಡಗು

ತೆಂಗಿನಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿ ನೋಡುವುದು ನಮ್ಮ ತಿಪಟೂರು ಸೀಮೆಯಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡುವ ವಿದ್ಯೆಯಲ್ಲ. ನೀರು ಕುಲುಕಿದ ಸದ್ದು ಬಂದರೆ ಕಾಯಿ ಮತ್ತೆ ಅಟ್ಟಕ್ಕೆ ಹೋಗುತ್ತದೆ. ನೀರೆಲ್ಲ ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಒಳಗೊಳಗೇ ಲೊಟಲೊಟ ಉರುಳಿದರೆ ಕೊಬ್ಬರಿಯಾಯಿತು ಎಂದರ್ಥ. ಇದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಟ್ಟದ ಕೆಳಗೆ ಆಗೊಮ್ಮೆ ಈಗೊಮ್ಮೆ ಸಿಪ್ಪೆಯ ತೆಳುಹೊಗೆ ಹಾಕುತ್ತ, ಮಿಕ್ಕಂತೆ ಕೈಕಟ್ಟಿ ಕೂತು ಕಾಯುವುದೇ ಇಲ್ಲಿನ ಕಾಯಕ. ಅವಸರಪಟ್ಟವನ ಕೊಬ್ಬರಿ ಕೌಟು ಹಿಡಿದು ಸಂತೆಯಲ್ಲಿ ಮೂಗು ಮುಚ್ಚಿಸುತ್ತದೆ. ಇಂಥ ನಾಡಿನಲ್ಲಿ ಬೆಳೆದವನ ಕೈಗೆ ಮರದ ಹಡಗೊಂದು ಸಿಕ್ಕರೆ ಅವನು ಅದನ್ನೇನು ಮಾಡಿಯಾನು ಎಂದು ನೀವು ಈಗಾಗಲೇ ಊಹಿಸಿದ್ದರೆ, ಮಹರಾಯರೇ, ನೀವು ನನಗಿಂತ ಜಾಣರು. ನನಗೆ ಅದು ಹೊಳೆಯಲು ಒಂದು ವರ್ಷವೂ ಒಂದು ಕೆರೆಯೂ ಬೇಕಾದವು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ತಿಪಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನೊಣವಿನಕೆರೆಯ ಹಾದಿಯಲ್ಲಿ ಒಂದು ತೆಂಗಿನ ತೋಟ, ತೋಟದೊಳಗೆ ಕಾಯಿ ಒಣಗಿಸಲೆಂದೇ ಅಟ್ಟ ಕಟ್ಟಿದ ಉದ್ದನೆಯ ಕೊಬ್ಬರಿ ಮನೆ, ಇಷ್ಟು ನನ್ನ ಸಾಮ್ರಾಜ್ಯ. ತೇಲುವ ವಸ್ತುಗಳ ನಿಯಮವನ್ನು ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದ್ದೆನೇ ಹೊರತು ಒಂದು ತೆಪ್ಪಕ್ಕೂ ಕಾಲಿಟ್ಟವನಲ್ಲ. ನೀರಿನ ಮೇಲೆ ಬದುಕಿದವರೆಂದರೆ ನನ್ನ ಹೆಂಡತಿ ಮಂಗಳೆಯ ಅಣ್ಣ ಗಂಗಾಧರಯ್ಯನವರು. ಶೆಟ್ಟಿಕೆರೆಯ ಕಡೆ ಹುಟ್ಟಿಯೂ ದೂರದ ಜಲಾಶಯವೊಂದರಲ್ಲಿ ಮೋಟಾರು ವಿಹಾರನೌಕೆಯ ಚಾಲಕರಾಗಿ ಮೂವತ್ತು ವರ್ಷ ದುಡಿದವರು. ದೊಡ್ಡವರು ಬಂದಾಗ ಕೂರಿಸಿಕೊಂಡು ನೀರು ಸುತ್ತಿಸುವ ಆ ನೌಕೆಗೆ ತೇಗದ ಮೈ, ಹಿತ್ತಾಳೆಯ ದೀಪ, ನಾಲ್ಕು ಜನ ಕೂರುವ ಪುಟ್ಟ ಕೋಣೆ, ಕೋಣೆಗೆ ಗಾಜಿನ ಕಿಟಕಿ. ಯಾವುದೋ ಹಳೆಯ ಕಾಲದ ಶೋಕಿ. ಇಂಗ್ಲಿಷಿನವರು ಅಂಥದ್ದಕ್ಕೆ ಯಾಟ್ ಎನ್ನುತ್ತಾರಂತೆ. ಗಂಗಾಧರಯ್ಯನವರು ನಿವೃತ್ತರಾದ ಮಾರನೆಯ ವರ್ಷ ಅದೂ ನಿವೃತ್ತವಾಗಿ ಹರಾಜಿಗೆ ಬಂತು.

ಅದೇ ಹೊತ್ತಿಗೆ ಅವರ ಕಣ್ಣಿನ ಸುದ್ದಿಯೂ ಬಂತು. ಕಣ್ಣಿನ ಒತ್ತಡದ ಕಾಯಿಲೆಯಿಂದ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದರೂ ಹೆಚ್ಚೆಂದರೆ ಇನ್ನೊಂದು ವರ್ಷ, ಆಮೇಲೆ ಬೆಳಕು ಕತ್ತಲೆ ತಿಳಿದರೆ ಪುಣ್ಯ ಎಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಇದನ್ನೆಲ್ಲ ಬೇರೆ ಯಾರದೋ ವಿಚಾರವೆಂಬಂತೆ ಹೇಳಿ ಮುಗಿಸಿ, ಮಜ್ಜಿಗೆ ಬಡಿಸಿಕೊಳ್ಳುತ್ತ, "ಇನ್ನೊಂದು ದಪ ಆ ನೌಕೆ ಚಕ್ರ ಹಿಡಿದು ನೀರ ಮೇಲೆ ಕಣ್ತುಂಬ ನೋಡ್ಕಂಡಿದ್ರೆ ಸಾಕಾಗಿತ್ತು ಕಣಮ್ಮ" ಎಂದರು ತಂಗಿಗೆ. ಮಂಗಳೆ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹರಾಜಿಗೆ ಹೋದೆ. ಎಷ್ಟಕ್ಕೆ ಕೂಗಿದೆನೆಂದು ಇಲ್ಲಿ ಬರೆಯುವುದಿಲ್ಲ. ನನ್ನ ಬರಹವನ್ನು ನನ್ನ ಹೆಂಡತಿ ಓದುತ್ತಾಳೆ.

ಕೊಬ್ಬರಿ ಸಾಗಿಸುವ ಲಾರಿಯ ಮೇಲೆ ಮಲಗಿ, ಬಿದಿರ ಕೋಲಿನಿಂದ ಕರೆಂಟಿನ ತಂತಿಗಳನ್ನು ಎತ್ತಿಸಿಕೊಳ್ಳುತ್ತ, ಹಡಗು ತೆಂಗಿನ ಸಾಲುಗಳ ನಡುವೆ ಮೆರವಣಿಗೆ ಬಂದದ್ದನ್ನು ನೋಡಿದವರು ನನ್ನನ್ನು ಈಗಲೂ ಹಡಗಿನ ಮೇಷ್ಟ್ರು ಎಂದೇ ಕರೆಯುತ್ತಾರೆ. ಇಂಜಿನ್ನಿನ ಹೊಣೆಯನ್ನು ಮುನೀರ್ ಸಾಬರಿಗೆ ಒಪ್ಪಿಸಿದೆ. ನಮ್ಮ ಸೀಮೆಯ ಪಂಪ್‌ಸೆಟ್ಟುಗಳ ಆಸ್ಥಾನ ವೈದ್ಯರು ಅವರು. ಒಮ್ಮೆ ಸುತ್ತಲೂ ನಡೆದು, ಒಮ್ಮೆ ಕೆಳಗೆ ಬಗ್ಗಿ ನೋಡಿ, "ಅರೆ ಮೇಷ್ಟ್ರೇ, ಇದು ನಮ್ ಡೀಜಲ್ ಪಂಪೇ. ನೀರೆತ್ತೋ ಬದ್ಲು ನೀರ್ನ ಹಿಂದಕ್ಕೆ ನೂಕ್ತದೆ, ಅಷ್ಟೇಯ" ಎಂದು ತೋಳು ಮಡಿಸಿದರು. ಮರದ ಕೆಲಸ ನನ್ನ ಪಾಲಿಗೆ ಬಂತು. ಒಡೆದ ಗಾಜಿನ ಚೂರಿನಿಂದ ಹಳೆಯ ಬಣ್ಣ ಕೆರೆದೆ. ಒಂದರ ಕೆಳಗೊಂದು ಹಸಿರು, ಬಿಳಿ, ನೀಲಿ ಪದರಗಳು ಏಳುತ್ತಿದ್ದವು. ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದೆ. ತೇಗದ ಮೇಲ್ಮೈಗೆ ಮನೆಯ ಕೊಬ್ಬರಿ ಎಣ್ಣೆಯನ್ನೇ ಉದಾರವಾಗಿ ಸವರಿದ್ದರಿಂದ ಮೂರನೆಯ ದಿನಕ್ಕೆ ತೋಟದ ಸಮಸ್ತ ಇರುವೆಗಳೂ ಹಡಗನ್ನು ಹತ್ತಿ, ಅದರ ಮೊದಲ ಪ್ರಯಾಣಿಕರಾದವು.

ಗಂಗಾಧರಯ್ಯನವರು ಪ್ರತಿ ಶನಿವಾರ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ಶನಿವಾರ ಹಡಗಿನ ಮೈಯನ್ನು ಅಂಗೈಯಿಂದ ಸವರಿ ನೋಡಿ, "ಮೇಷ್ಟ್ರೇ, ಇದನ್ನ ಒಣಗಾಕ್ಬ್ಯಾಡಿ. ಗೋಣಿತಾಟು ನೆನ್ಸಿ ಹೊದಿಸಿ, ಒಳಗೆ ಒಂದೀಟು ನೀರು ನಿಲ್ಸಿ. ಒಣಗಿದ್ರೆ ಹಲಗೆ ಬಿಟ್ಕತವೆ" ಎಂದರು.

ನಾನು ನಕ್ಕೆ. ಆ ನಗು ನನಗೆ ಇವತ್ತಿಗೂ ನೆನಪಿದೆ. "ಬಾವನೋರೆ, ನೀವು ನೀರಿನೋರು, ನಾವು ಅಟ್ಟದೋರು. ಒಣಗ್ಸೋ ಕೆಲಸ ನಮಗೆ ಬುಡಿ. ಒದ್ದೆ ಇದ್ರೆ ಒಳಗೊಳಗೇ ಕೊಳೀತದೆ ಕಣ್ರೀ."

"ಹಂಗೇ ಆಗ್ಲಿ ಬುಡಿ" ಎಂದು ಅವರು ಚಕ್ರವನ್ನು ಉಜ್ಜತೊಡಗಿದರು. ಆ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ನಾನು ಹಡಗನ್ನು ಕೊಬ್ಬರಿ ಮನೆಯೊಳಗೆ, ಅಟ್ಟದ ಕೆಳಗೆ, ತಣ್ಣನೆಯ ನೆರಳಿನಲ್ಲಿ ಏರಿಸಿಟ್ಟೆ. ಮೇಲೆ ಕಾಯಿ ಒಣಗುತ್ತಿತ್ತು, ಕೆಳಗೆ ಹಡಗು ಒಣಗುತ್ತಿತ್ತು. ಎರಡಕ್ಕೂ ಸೇರಿಸಿ ಒಂದೇ ಹೊಗೆ ಹಾಕುವಾಗ ನನಗೆ ನನ್ನ ಜಾಣ್ಮೆಯ ಬಗ್ಗೆ ಅಭಿಮಾನ ಉಕ್ಕಿ ಬರುತ್ತಿತ್ತು. ಆಗಾಗ ಬೆರಳ ಗೆಣ್ಣಿನಿಂದ ಹಲಗೆ ಬಡಿದು ಕಿವಿಗೊಡುತ್ತಿದ್ದೆ. ಮುನೀರ್ ಸಾಬರು ಎರಡೇ ತಿಂಗಳಲ್ಲಿ ಇಂಜಿನ್ನು ರಿಪೇರಿ ಮಾಡಿ, ತಣ್ಣಗಿರಲೆಂದು ಪೀಪಾಯಿಯ ನೀರು ಕುಡಿಸುತ್ತ ಕೊಬ್ಬರಿ ಮನೆಯಲ್ಲೇ ಓಡಿಸಿ ತೋರಿಸಿದರು. ಆಮೇಲೆ ದಾರಿಯಲ್ಲಿ ಸಿಕ್ಕಾಗೆಲ್ಲ, "ನಂದು ರೆಡಿ ಮೇಷ್ಟ್ರೇ. ನಿಮ್ದು ಕೊಬ್ಬರಿ ಆಗೋದು ಯಾವಾಗ?" ಎಂದು ಕೆಣಕುತ್ತಿದ್ದರು. ಕೆಲಸ ಮುಗಿಯದಿರುವುದರಲ್ಲೂ ಒಂದು ಸುಖವಿದೆ, ಗೆಳೆಯರೇ. ಹಳೆಯದೊಂದನ್ನು ಹೊಸದು ಮಾಡಲು ಹೊರಟವನು ಎಷ್ಟೋ ಸಲ ಆ ಹೊರಡುವಿಕೆಯಲ್ಲೇ ನೆಲೆಸಿಬಿಡುತ್ತಾನೆ. ನಾಳೆ ಒಂದು ಮೊಳೆ, ನಾಡಿದ್ದು ಒಂದು ಕೈ ಬಣ್ಣ ಎಂದು ದಿನಗಳಿಗೊಂದು ನೆಪ ಸಿಕ್ಕಿ, ಯಾರಿಗಾಗಿ ಹೊರಟೆವೆಂಬುದು ಮೆಲ್ಲಗೆ ಹಿಂದೆ ಸರಿದುಬಿಡುತ್ತದೆ.

ಸರಿಯುತ್ತಿದ್ದುದು ನನ್ನ ಕಣ್ಣಿಗೆ ಬೀಳದೆಯೂ ಇರಲಿಲ್ಲ. ಮೊದಲು ಬಸ್ಸಿನ ಬೋರ್ಡು ಓದಿ ಹತ್ತುತ್ತಿದ್ದ ಗಂಗಾಧರಯ್ಯನವರು, ದೀಪಾವಳಿಯ ಹೊತ್ತಿಗೆ ಕಂಡಕ್ಟರನ ಕೂಗು ಕೇಳಿ ಹತ್ತುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ನಾನೇ ಹೋಗಿ ಸ್ಕೂಟರಿನಲ್ಲಿ ಕರೆತರಬೇಕಾಯಿತು. ಕೊಬ್ಬರಿ ಮನೆಯ ಮಬ್ಬಿನಲ್ಲಿ ಕೂತು ಅವರು ಚಕ್ರದ ಒಂದೊಂದೇ ಕಡ್ಡಿಯನ್ನು ಮರಳುಕಾಗದದಿಂದ ತಿಕ್ಕುತ್ತಿದ್ದರು. ಅದಕ್ಕೆ ಕಣ್ಣು ಬೇಕಿರಲಿಲ್ಲ. "ಆತೇನು ಮೇಷ್ಟ್ರೇ?" ಎಂದು ಕೇಳುತ್ತಿದ್ದರು. "ಇನ್ನೇನು, ಯುಗಾದಿ ಕಳೀಲಿ" ಎನ್ನುತ್ತಿದ್ದೆ. ಅರೆಬರೆ ಒಣಗಿದ್ದಕ್ಕೆ ಬಣ್ಣ ಬಳಿಯಲು ನನ್ನ ರಕ್ತ ಒಪ್ಪುತ್ತಿರಲಿಲ್ಲ.

ಅಂತೂ ಮುಂದಿನ ಮಳೆಗಾಲ ಚೆನ್ನಾಗಿ ನಡೆದು, ನೊಣವಿನಕೆರೆಯ ಕೆರೆ ತುಂಬಿ ಕೋಡಿ ಬಿದ್ದ ಸುದ್ದಿ ಬಂದಾಗ, ನನ್ನ ಹಡಗು ಕಾಯಿಯಷ್ಟೇ ಒಣಗಿ, ಎರಡು ಕೈ ಬಿಳಿ ಬಣ್ಣ ಬಳಿಸಿಕೊಂಡು ಮದುವಣಗಿತ್ತಿಯ ಹಾಗೆ ನಿಂತಿತ್ತು. ಹಲಗೆಗಳ ನಡುವೆ ಉಗುರು ತೂರುವಷ್ಟು ಸಂದು ಬಿದ್ದಿದ್ದುದನ್ನು ನಾನು ಗಮನಿಸಿದ್ದೆ. ಮುಪ್ಪಿನ ಲಕ್ಷಣವೆಂದುಕೊಂಡು ಹತ್ತಿಯ ಹುರಿ, ಬಣ್ಣದವರು ಬಿರುಕಿಗೆ ಮೆತ್ತುವ ಲಪ್ಪ ತುಂಬಿ ಮೆತ್ತಿ ಮರೆಮಾಡಿದ್ದೆ. ಅದೇ ಲಾರಿಯಲ್ಲಿ ತಂದು ಕೆರೆಯ ಅಂಚಿಗೆ ಇಳಿಸಿದ್ದಾಯಿತು, ಪೂಜೆಯಾಯಿತು, ಈಡುಗಾಯಿ ಒಡೆಯಿತು, ಏರಿಯ ಮೇಲೆ ಸುತ್ತಲ ಹಳ್ಳಿಗಳೆಲ್ಲ ನೆರೆದವು. ಗಂಗಾಧರಯ್ಯನವರನ್ನು ನಾನೂ ಮುನೀರ್ ಸಾಬರೂ ಕೈಹಿಡಿದು ಹತ್ತಿಸಿದೆವು. ಆ ಹೊತ್ತಿಗೆ ಅವರಿಗೆ ಮುಖಗಳು ಕಾಣುತ್ತಿರಲಿಲ್ಲ. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎಂಬುದಷ್ಟೇ ತಿಳಿಯುತ್ತಿತ್ತು. ಚಕ್ರ ಹಿಡಿದು ನಿಂತರು. ಇಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು.

ಹಡಗು ಅತ್ತಿತ್ತ ಅಲುಗುವಷ್ಟರಲ್ಲಿ ಅವರು ತಮ್ಮ ಪಾದದ ಕಡೆ ತಲೆ ಬಾಗಿಸಿದರು. ಆಮೇಲೆ ಇಂಜಿನ್ನು ಆರಿಸಿ, ನಿಧಾನವಾಗಿ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡರು. ನಾನು ನೋಡಿದೆ. ಒಂದು ಸಂದಿಯಿಂದಲ್ಲ, ಎಲ್ಲ ಸಂದಿಗಳಿಂದಲೂ ನೀರು ಬುಗ್ಗೆಯಾಗಿ ಒಳಗೆ ಬರುತ್ತಿತ್ತು. ಜನ ಹೋ ಎಂದರು. ಸೊಂಟದುದ್ದದ ನೀರಿನಲ್ಲೇ ಇದ್ದುದರಿಂದ ಪ್ರಾಣಭಯವೇನೂ ಇರಲಿಲ್ಲ, ಮಾನ ಮಾತ್ರ ಮುಳುಗುತ್ತಿತ್ತು. ಹಗ್ಗ ತನ್ನಿ, ದಡಕ್ಕೆ ಎಳೀರಿ ಎಂದು ನಾನು ಕಿರುಚಾಡತೊಡಗಿದೆ.

"ಎಳೀಬ್ಯಾಡಿ ಮೇಷ್ಟ್ರೇ" ಎಂದರು ಗಂಗಾಧರಯ್ಯನವರು, ಚಪ್ಪಲಿ ಹಿಡಿದೇ. "ಮುಳುಗ್ಲಿ. ವರ್ಸದಿಂದ ಬಾಯಾರೈತೆ, ಕುಡೀಲಿ. ಹತ್ತು ಹನ್ನೆರಡು ದಿನ ನೀರಲ್ಲೇ ಕೂತ್ರೆ ಹಲಗೆ ಊದ್ಕಂಡು ತಾವೇ ಕೂಡ್ಕತವೆ."

"ನಂದು ಇಂಜಿನ್ ಕುಡಿಯಲ್ಲಾ ಸಾಮೀ!" ಎಂದು ಮುನೀರ್ ಸಾಬರು ಪಂಚೆ ಎತ್ತಿ ಕಟ್ಟಿಕೊಂಡು ನೀರಿಗೆ ಹಾರಿದರು. ಹತ್ತಾರು ಜನ ಸೇರಿ ಬಿದಿರಿಗೆ ಕಟ್ಟಿ ಇಂಜಿನ್ನನ್ನು ದಡ ಸೇರಿಸಿದ್ದಾಯಿತು. ಮದುವಣಗಿತ್ತಿ ಕತ್ತಿನವರೆಗೆ ಮುಳುಗಿ ಕೆಸರಿನ ಮೇಲೆ ಕೂತಳು.

ಮಂಗಳೆ ಅಂದು ನನ್ನೊಡನೆ ಆಡಿದ್ದು ಒಂದೇ ಮಾತು: "ಅಣ್ಣ ಅವತ್ತೇ ಹೇಳಿತ್ತಲ್ರೀ. ನಾನೂ ಕೇಳಿಸ್ಕಂಡಿದ್ದೆ." ಅದರಲ್ಲಿ ಸಿಟ್ಟು ಎಷ್ಟು ನನ್ನ ಮೇಲೆ, ಎಷ್ಟು ತನ್ನ ಮೇಲೆ ಎಂದು ಬಿಡಿಸಲು ನಾನು ಹೋಗಲಿಲ್ಲ.

ಮಾರನೆಯ ಸಂಜೆ ಏರಿಯ ಮೇಲೆ ನಾವಿಬ್ಬರೇ ಕೂತಿದ್ದಾಗ ಕೇಳಿಯೇಬಿಟ್ಟೆ. "ಬಾವನೋರೆ, ನಿಮಗೆ ಗೊತ್ತಿತ್ತು. ಇನ್ನೊಂದ್ಸಲ ಯಾಕೆ ಹೇಳ್ಲಿಲ್ಲ? ಬೈದಾದ್ರೂ ಹೇಳ್ಬೇಕಿತ್ತು."

ಅವರು ಸಂಕೋಚದಿಂದ ನಕ್ಕರು. "ತಂಗಿ ಮನೇಲಿ ಉಂಬೋವಾಗ ಸಾರಿಗೆ ಉಪ್ಪು ಕಮ್ಮಿ ಅಂತ ಒಂದ್ಸಲ ಹೇಳ್ಬೋದು. ಎರಡನೇ ಸಲ ಹೇಳಿದ್ರೆ ತಂಗಿಗಲ್ವಾ ಮೇಷ್ಟ್ರೇ ಕಷ್ಟ?"

ನಮ್ಮ ಕಡೆಯ ಸಂಬಂಧಗಳು ನಡೆಯುವುದೇ ಹೀಗೆ. ಕೊಟ್ಟ ಮನೆಯಲ್ಲಿ ಹೆಣ್ಣಿನ ಕಡೆಯವರು ಧ್ವನಿ ಏರಿಸುವುದಿಲ್ಲ. ಒಂದು ಸಲ ಆಡಿದ ಮಾತನ್ನು ಕೇಳಿಸಿಕೊಳ್ಳುವ ಹೊಣೆ ಈ ಕಡೆಯವರದು. ಮರ್ಯಾದೆ ಎಂದು ನಾವು ಹೆಮ್ಮೆಪಡುವ ಈ ಏರ್ಪಾಟಿನಲ್ಲಿ ಮೇಷ್ಟ್ರ ಕೆಲಸ ಕೇಳುವುದಾಗಿತ್ತು, ಮೇಷ್ಟ್ರು ಪಾಠ ಮಾಡಿದ್ದರು. ಆ ಮನುಷ್ಯನಿಗೆ ಕಾಣುವ ವರ್ಷವೆಂದು ಉಳಿದದ್ದು ಒಂದೇ. ಅದನ್ನು ನಾನು ನನ್ನ ಕೊಬ್ಬರಿ ಮನೆಯಲ್ಲಿ ಹೊಗೆ ಹಾಕಿ ಕಳೆದಿದ್ದೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ನನ್ನ ಮೊಣಕಾಲು ಹುಡುಕಿ ತಟ್ಟಿ, ಕೊಕ್ಕರೆ ಬಂದಿವೆಯೇ ಎಂದು ಕೇಳಿದರು. ಬಂದಿದ್ದವು. ಎಷ್ಟಿವೆ, ಎಲ್ಲಿ ಇಳಿದವು ಎಂದು ಒಂದೊಂದಾಗಿ ಹೇಳಿದೆ.

ಹನ್ನೆರಡು ದಿನ ಹಡಗು ಕುಡಿಯಿತು. ಹಲಗೆಗಳು ಊದಿ ಒತ್ತಿದ ರಭಸಕ್ಕೆ ನಾನು ತುರುಕಿದ್ದ ಲಪ್ಪ ಸಂದಿಗಳಿಂದ ಉದ್ದುದ್ದ ಶಾವಿಗೆಯಾಗಿ ಹೊರಬಂತು. ಹದಿಮೂರನೆಯ ದಿನ ಬಕೆಟ್ಟುಗಳಲ್ಲಿ ನೀರು ಮೊಗೆದೆವು. ಅರ್ಧ ಮೊಗೆಯುವಷ್ಟರಲ್ಲಿ ಅದು ಮೈ ಕೊಡವಿ ಕೆಸರಿನಿಂದ ಎದ್ದಿತು. ಸಂಜೆಯವರೆಗೆ ಕಾದೆವು, ಒಳಗೆ ಒಂದು ಲೋಟದಷ್ಟು ನೀರು ಬಂದಿರಬಹುದು. ಮುನೀರ್ ಸಾಬರು ಇಂಜಿನ್ನು ಕೂರಿಸಿದರು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ನಾಲ್ಕೇ ಜನ ಹೋದೆವು. ಮಂಗಳೆ ಮುಂದೆ ಕೂತು ಬಲಕ್ಕೆ, ಎಡಕ್ಕೆ ಎಂದು ಹೇಳುವುದೆಂದು ಗೊತ್ತುಮಾಡಿದ್ದೆವು. ಸೂರ್ಯ ತೆಂಗಿನ ತಲೆಗಳ ಮೇಲೆ ಬಂದು ನೀರೆಲ್ಲ ಬೆಳಗಿತ್ತು. ಗಂಗಾಧರಯ್ಯನವರು ಚಕ್ರ ತಿರುಗಿಸಿದರು. ದಡ ಹಿಂದೆ ಸರಿಯಿತು. "ಅಣ್ಣ, ಬಲಕ್ಕೆ, ಬಲಕ್ಕೆ!" ಎಂದು ಮಂಗಳೆ ಗಾಬರಿಯಿಂದ ಕೂಗಿದಾಗ ಅವರು, "ಸುಮ್ಕಿರೇ. ಮಿನುಗೋದೆಲ್ಲ ನೀರು, ಕಪ್ಪಗಿರೋದು ದಡ. ಇಷ್ಟು ಸಾಕು ನಂಗೆ" ಎಂದರು. ನಮ್ಮೆದುರು ಕೂತು ಮಜ್ಜಿಗೆ ಬಡಿಸಿಕೊಳ್ಳುತ್ತಿದ್ದ ನೆಂಟರ ಧ್ವನಿಯಲ್ಲ ಅದು. ಮೂವತ್ತು ವರ್ಷ ಈ ಚಕ್ರದ ಹಿಂದೆ ನಿಂತು ದೊಡ್ಡವರಿಗೆ "ಕೂರಿ, ಅಲ್ಲಾಡಬೇಡಿ" ಎಂದು ಹೇಳಿದವರ ಧ್ವನಿ. ಮಂಗಳೆ ಮುಂದಕ್ಕೆ ತಿರುಗಿ ಕೂತಳು. ಕೆರೆಯನ್ನು ಮೂರು ಸುತ್ತು ಹಾಕಿದೆವು. ನಾನು ಅವರ ಮುಖ ನೋಡುತ್ತ ಕೂತಿದ್ದೆ. ಕೆರೆಯನ್ನು ನೋಡಿದ ನೆನಪಿಲ್ಲ.

ಕಲ್ಲಿನ ಮೆಟ್ಟಿಲಿಗೆ ಹಡಗನ್ನು ತಂದು ಮೆತ್ತಗೆ ತಾಗಿಸಿದರು. ಕೈಹಿಡಿದು ಇಳಿಸಿದೆ. ಒಂದು ದಪ ಸಾಕಾಗಿತ್ತು ಎಂದವರು ಇನ್ನು ಏನು ಹೇಳುತ್ತಾರೋ ಎಂದು ನಾನು ಮೈಯೆಲ್ಲ ಕಿವಿಯಾಗಿದ್ದೆ.

"ನಾಳೆ ಎಷ್ಟೊತ್ಗೆ ಮೇಷ್ಟ್ರೇ?" ಎಂದರು.

"ಆರಕ್ಕೆ?" ಎಂದೆ.

"ಏಳಕ್ಕೆ ಮಡಗಿ. ಬಿಸ್ಲು ಚೆನ್ನಾಗಿ ಏರ್ಲಿ. ನಂಗೆ ಈಗ ಅಷ್ಟು ಬೆಳಕು ಬೇಕಾಯ್ತದೆ."