ಅಳಿಯನಿಗೆ ಬೀಸಿದ ಫ್ಯಾನು

ಕಸ್ತೂರಿ, ಆ ಬ್ಯಾಟರಿ ಕೆಡಿಸಿದವನು ನಾನು. ನೀನಲ್ಲ, ನೀನು ಓದಲು ಹಚ್ಚಿಕೊಳ್ಳುತ್ತಿದ್ದ ಆ ಗೇಣುದ್ದದ ಲೈಟೂ ಅಲ್ಲ — ನಾನು. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ, ಕಟ್ಟಿ ಕೈತೊಳೆದುಕೊಂಡು ಊಟಕ್ಕೆ ಕುಳಿತೆ. ಮೂವತ್ತು ವರ್ಷದ ಮೇಲಾಯಿತು. ಆ ಊಟ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ನಿನಗೆ ಗೊತ್ತಿರುವ ಕತೆಯನ್ನೇ ಮೊದಲಿನಿಂದ ಹೇಳುತ್ತೇನೆ. ಯಾಕೆಂದರೆ ನಿನಗೆ ಗೊತ್ತಿರುವುದು ಅರ್ಧ, ಅದೂ ನಾನು ಕಲಿಸಿದ ಸುಳ್ಳಿನ ಅರ್ಧ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುನಗುಂದದಲ್ಲಿ ವಿಜ್ಞಾನದ ಮಾಸ್ತರ. ನಿನ್ನ ಅಕ್ಕ ಸುಮಂಗಲಾಳನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗುಳೇದಗುಡ್ಡದ ನಿಮ್ಮ ಮನೆಯ ನಡುಕೋಣೆಯಲ್ಲೇ ಮಾವನವರ ಮಗ್ಗ. ಸಂಜೆ ಕರೆಂಟು ಹೋದರೆ ಕುಪ್ಪಸದ ಖಣ ನೇಯುವುದು ನಿಲ್ಲುತ್ತಿತ್ತು, ಮಗ್ಗದ ಪಕ್ಕ ಗೋಡೆಗೊರಗಿ ಕುಳಿತ ನಿನ್ನ ಓದೂ ನಿಲ್ಲುತ್ತಿತ್ತು. ಆ ವರ್ಷ ನಿನ್ನದು ಎಸ್ಸೆಸ್ಸೆಲ್ಸಿ. ಪಾಸಾದರೆ ಬಾಗಲಕೋಟೆಯಲ್ಲಿ ಕಾಲೇಜು, ಇಲ್ಲದಿದ್ದರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತು ಬಂದ ವರನಿಗೆ ಹೂಂ ಅನ್ನುವುದು — ಇದು ಮಾವನವರ ಮಾತು. ನೀನು ಒಪ್ಪಿದ್ದೆ.

ನಾನೋ ಹೊಸ ಅಳಿಯ. ಹುಬ್ಬಳ್ಳಿಯ ಗೆಳೆಯನೊಬ್ಬನ ಹತ್ತಿರ ಯಾರದೋ ಪ್ರದರ್ಶನಕ್ಕೆ ತಂದು ಮಿಕ್ಕಿದ್ದ ಎರಡು ಸೋಲಾರ ಫಲಕ, ಒಂದು ಇನ್ವರ್ಟರ್ ಪೆಟ್ಟಿಗೆ ಇದ್ದವು. ಬ್ಯಾಟರಿಯನ್ನು ಅವನೇ ಎಲ್ಲಿಂದಲೋ ಕೂಡಿಸಿಕೊಟ್ಟ. ಎಲ್ಲವನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆ. ಫಲಕಗಳನ್ನು ನಿಮ್ಮ ಮಾಳಿಗೆಗೆ ಏರಿಸಿ, ಇನ್ವರ್ಟರು ಬ್ಯಾಟರಿ ಮಗ್ಗದ ಪಕ್ಕ ಇಟ್ಟು, ಮಗ್ಗದ ಮೇಲೊಂದು ಲೈಟು, ನೀನು ಓದುವ ಗೋಡೆಗೆ ಗೇಣುದ್ದದ್ದೊಂದು ಹಾಕಿದೆ. ಓಣಿಯೇ ನೆರೆಯಿತು. ನಾನು ಇನ್ವರ್ಟರಿನ ಮೇಲಿನ ಅಂಕಿಗೆ ಬೆರಳಿಟ್ಟು ಹೇಳಿದೆ, ‘ಐನೂರು ವಾಟ್. ಟೀವಿ, ಫ್ಯಾನು, ಲೈಟು — ಎಲ್ಲಾ ಎತ್ತತೈತಿ.’

ನೀನು ಒಬ್ಬಳೇ ಕೇಳಿದೆ, ‘ಎತ್ತತೈತಿ ಖರೆ, ಮಾಮಾರ. ಆದ್ರ ಎಷ್ಟು ತಾಸು ಎತ್ತತೈತ್ರಿ?’

ಎಷ್ಟು ತಾಸು. ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು. ಇನ್ವರ್ಟರಿನ ಮೇಲೆ ಬರೆದದ್ದು ಒಂದೇ ಸಲಕ್ಕೆ ಎಷ್ಟು ಭಾರ ಹೊರಬಲ್ಲದು ಎಂಬುದನ್ನು. ಎಷ್ಟು ಹೊತ್ತು ಹೊರಬಲ್ಲದು ಎಂಬುದು ಬ್ಯಾಟರಿಯ ಮೇಲೆ ಇರುತ್ತದೆ. ನಳ ಎಷ್ಟು ದಪ್ಪ ಅನ್ನುವುದು ಬೇರೆ, ಹಂಡೆಯಲ್ಲಿ ನೀರೆಷ್ಟು ಅನ್ನುವುದು ಬೇರೆ. ವಿಜ್ಞಾನದ ಮಾಸ್ತರನಾಗಿ ನಾನು ಬಗ್ಗಿ ಬ್ಯಾಟರಿಯ ಧೂಳು ಒರೆಸಿ ನೋಡಬೇಕಿತ್ತು. ನೋಡಲಿಲ್ಲ. ನಕ್ಕೆ. ‘ಸೂರ್ಯ ಇರೂ ತನಕಾ ಚಿಂತಿಲ್ಲ’ ಅಂದೆ. ಓಣಿಯವರೂ ನಕ್ಕರು. ನೀನು ನಾಚಿ ಒಳಗೆ ಹೋದೆ.

ಯುಗಾದಿಗೆ ಕರೆದರು, ಬಂದೆವು. ಬಿಸಿಲಿಗೆ ಗುಡ್ಡದ ಕಲ್ಲು ಕಾದು ಮನೆಯೆಲ್ಲ ಒಲೆಯ ಹಾಗೆ ಇತ್ತು. ಕರೆಂಟಂತೂ ಸಂಜೆ ಹೋದದ್ದು ಬೆಳಗಾದರೂ ಬರುತ್ತಿರಲಿಲ್ಲ. ಅತ್ತೆ ಟೇಬಲ್ ಫ್ಯಾನು ತಂದು ಇನ್ವರ್ಟರಿಗೆ ಹಾಕಿಸಿದರು, ನನ್ನ ಹಾಸಿಗೆಯ ಕಡೆ ತಿರುಗಿಸಿದರು, ‘ಅಳಿಯಂದ್ರಿಗೆ ಗಾಳಿ ಬರ್ಲಿ’ ಅಂದರು. ಮನೆಯವರೆಲ್ಲ ಮಾಳಿಗೆಯ ಮೇಲೆ, ಅಂಗಳದಲ್ಲಿ ಬೆವರುತ್ತ ಮಲಗಿದರು. ನಾನೊಬ್ಬ ಗಾಳಿ ಹಾಕಿಸಿಕೊಂಡು ಬೆಳತನಕ ಗೊರಕೆ ಹೊಡೆದೆ. ಹಬ್ಬ ಮುಗಿದರೂ ಏಳಲಿಲ್ಲ, ಇನ್ನೂ ನಾಲ್ಕು ದಿನ ಉಳಿದೆ — ಉಪಚಾರ ಅಷ್ಟು ರುಚಿಸಿತ್ತು. ಹೆಣದ ಹಾಗೆ ಬಿದ್ದುಕೊಂಡಿದ್ದೆ ಅಂತ ಬರೆಯಲೂ ಅಸಹ್ಯ, ಆದರೆ ಹಾಗೆಯೇ ಬಿದ್ದುಕೊಂಡಿದ್ದೆ.

ನಾವು ಹುನಗುಂದಕ್ಕೆ ಮರಳಿದ ಮೇಲೆ ಸುದ್ದಿ ಬಂತು. ಬ್ಯಾಟರಿಯಲ್ಲಿ ಚಾರ್ಜು ನಿಲ್ಲುತ್ತಿಲ್ಲ, ಲೈಟು ಹಚ್ಚಿದ ಸ್ವಲ್ಪ ಹೊತ್ತಿಗೆ ಮಿಣುಕಿ ಆರುತ್ತದೆ, ಮಗ್ಗ ಮತ್ತೆ ಕತ್ತಲಲ್ಲಿ. ಮರುದಿನವೇ ಬಸ್ಸು ಹತ್ತಿದೆ. ಒಳಗೆ ಕಾಲಿಡುವಷ್ಟರಲ್ಲಿ ಎಲ್ಲರೂ ಮಗ್ಗದ ಸುತ್ತ ಕೂತಿದ್ದರು, ನೀನು ಬಾಗಿಲ ಮರೆಯಲ್ಲಿ.

ಆಗ ಮೊದಲ ಸಲ ಬಗ್ಗಿದೆ. ಒದ್ದೆ ಅರಿವೆಯಿಂದ ಬ್ಯಾಟರಿಯ ಮೈ ಒರೆಸಿದೆ. ಹನ್ನೆರಡು ವೋಲ್ಟ್, ನಲವತ್ತು ಆಂಪಿಯರ್-ತಾಸು. ಗುಣಿಸಿದರೆ ನಾನೂರಾ ಎಂಬತ್ತು ವಾಟ್-ತಾಸು — ಅದೂ ಹೊಸದಿದ್ದಾಗ, ತಳ ಕಾಣುವ ತನಕ ಹೀರಿದರೆ. ಹಾಗೆ ದಿನಾ ತಳ ಕಾಣಿಸಿದರೆ ಬ್ಯಾಟರಿ ಸಾಯುತ್ತದೆ. ಫ್ಯಾನು ಅರವತ್ತು ವಾಟಿನದು. ಎಂಟು ತಾಸಿನ ನನ್ನ ಒಂದು ನಿದ್ದೆ ಆ ಬ್ಯಾಟರಿಯನ್ನು ಪೂರ್ತಿ ನುಂಗುತ್ತಿತ್ತು. ಮಾಳಿಗೆಯ ಫಲಕ ಹಗಲೆಲ್ಲ ಕಾದರೂ ಅಷ್ಟನ್ನು ತುಂಬಿಕೊಡುತ್ತಿರಲಿಲ್ಲ. ನಿನ್ನ ಲೈಟು ಹತ್ತು ವಾಟಿನದು, ಸಂಜೆ ಮೂರು ತಾಸು. ನಾನು ಒಂದು ರಾತ್ರಿ ಗಾಳಿ ಹಾಕಿಸಿಕೊಂಡದ್ದರಲ್ಲಿ ನೀನು ಹದಿನಾರು ಸಂಜೆ ಓದಬಹುದಿತ್ತು.

ಈ ಲೆಕ್ಕ ಬಗ್ಗಿದ್ದಲ್ಲಿಯೇ ಮುಗಿದಿತ್ತು, ಕಸ್ತೂರಿ. ಎದ್ದು ನಿಲ್ಲುವ ಮೊದಲೇ.

ಅತ್ತೆ ಅಂದರು, ‘ಈಕಿ ದಿನಾ ಸಂಜಿಮುಂದ ಲೈಟ್ ಹಚ್ಕೊಂಡು ಕುಂದರ್ತಾಳ್ರಿ. ಅದರಿಂದ ಆಗಿರಬೇಕೇನ್ರಿ?’

ಅವರು ಕೇಳಿದ್ದು ಅಷ್ಟೇ. ಆರೋಪ ಮಾಡಿರಲಿಲ್ಲ, ನನ್ನನ್ನು ಕೇಳಿದ್ದರು. ‘ಅಲ್ರಿ, ನನ್ನ ಫ್ಯಾನಿನಿಂದ’ ಅಂದಿದ್ದರೆ — ಏನಾಗುತ್ತಿತ್ತು? ಅಳಿಯನಿಗೆ ಯಾರೂ ಬಯ್ಯುತ್ತಿರಲಿಲ್ಲ. ನಕ್ಕು ಬಿಡುತ್ತಿದ್ದರು. ನನಗೆ ಆ ನಗೆಯೂ ಬೇಡವಾಗಿತ್ತು.

‘ದಿನಾ ಹಚ್ಚಿದ್ರ ಹೆಂಗ ತಾಳಬೇಕ್ರಿ?’ ಅಂದೆ. ‘ಆ ಲೈಟ್ ತಗದಬಿಡೂಣು.’

‘ಅಳಿಯಂದ್ರು ಹೇಳಿದ ಮ್ಯಾಲ ಮುಗೀತು,’ ಅಂದರು ಮಾವನವರು.

ಸ್ಟೂಲು ಹಾಕಿಕೊಂಡು ನಾನೇ ಹತ್ತಿ ಬಿಚ್ಚಿದೆ. ಕೆಳಗಿನಿಂದ ಅದನ್ನು ಇಸಿದುಕೊಂಡವಳು ನೀನು. ಸೆರಗಿಲ್ಲದ ಹುಡುಗಿ, ಲಂಗದ ಅಂಚಿನಿಂದ ಅದರ ಧೂಳು ಒರೆಸಿ ಹೇಳಿದೆ, ‘ತಪ್ಪಾತ್ರಿ, ಮಾಮಾರ.’

ನಾನು ‘ಇರ್ಲಿ ಬಿಡವಾ’ ಅಂದೆ. ಕ್ಷಮಿಸಿದೆ — ನಾನು ನಿನ್ನನ್ನು. ಇಷ್ಟು ವರ್ಷದಲ್ಲಿ ಸಣ್ಣದು ದೊಡ್ಡದು ಎಷ್ಟೋ ಸುಳ್ಳು ಹೇಳಿದ್ದೇನೆ, ಆದರೆ ಆ ಎರಡು ಮಾತಿನಷ್ಟು ಹೊಲಸು ಇನ್ನಾವುದೂ ನನ್ನ ಬಾಯಿಂದ ಬಂದಿಲ್ಲ. ಆಮೇಲೆ ಎಲೆ ಹಾಕಿದರು. ಹೋಳಿಗೆ ಬಡಿಸಿದರು. ಅಷ್ಟರಲ್ಲಿ ಕರೆಂಟು ಬಂತು, ಅತ್ತೆ ಮತ್ತೆ ಫ್ಯಾನು ನನ್ನ ಕಡೆ ತಿರುಗಿಸಿದರು. ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡೆ. ತುಪ್ಪ ಕಡಿಮೆಯಾಯಿತು ಎಂದೂ ಅಂದ ನೆನಪು.

ಪರೀಕ್ಷೆಗೆ ಕೆಲವೇ ದಿನ ಉಳಿದಿತ್ತು. ನೀನು ಗಣಿತದಲ್ಲಿ ಫೇಲಾದೆ. ಲೈಟು ಇದ್ದಿದ್ದರೆ ಪಾಸಾಗುತ್ತಿದ್ದೆ ಎಂದು ನಾನು ಹೇಳಲಾರೆ; ಆದರೆ ನಾನು ಬಿಚ್ಚಿದ್ದಂತೂ ಖರೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟುತ್ತೇನೆ ಎಂದು ನೀನು ಕೇಳಿದೆಯಂತೆ. ಕೊಟ್ಟ ಮಾತು ಕೊಟ್ಟಿದ್ದೇ ಅಂದರಂತೆ ಮಾವನವರು. ಮರುವರ್ಷ ನಿನ್ನನ್ನು ಇಳಕಲ್ಲಿಗೆ ಕೊಟ್ಟರು. ಮದುವೆಯಲ್ಲಿ ಓಡಾಡಿದವರಲ್ಲಿ ನಾನೇ ಮೊದಲಿಗ.

ಹೊಸ ಮಾಸ್ತರಿಕೆ, ಹರೆಯ, ಅಳಿಯತನದ ಸೊಕ್ಕು... ಇವನ್ನೆಲ್ಲ ಕಾರಣ ಅಂತ ಬರೆಯಲು ಕೂತಿದ್ದೆ. ಬರೆದು ಓದಿದರೆ ಎಲ್ಲವೂ ನೆಪ. ಹರೆಯ ಮುಗಿದ ಮೇಲೂ ನಾನು ಬಾಯಿಬಿಡಲಿಲ್ಲವಲ್ಲ. ಮಾವನವರು ತೀರಿಕೊಂಡರು, ಅತ್ತೆ ತೀರಿಕೊಂಡರು. ಸುಮಂಗಲಾಳಿಗೂ ಹೇಳಿಲ್ಲ. ನೀನು ಮರೆತಿರುತ್ತೀ ಅಂದುಕೊಂಡಿದ್ದೆ, ಅದು ನನಗೆ ಅನುಕೂಲವೂ ಆಗಿತ್ತು.

ಮರೆತಿಲ್ಲ ನೀನು. ಹೋದ ತಿಂಗಳು ಇಳಕಲ್ಲಿನ ನಿನ್ನ ಮನೆಯ ಮೇಲೆ ಸೋಲಾರ ಕೂಡ್ರಿಸುವಾಗ ನನ್ನನ್ನು ಕರೆಸಿದೆ. ಇನ್ವರ್ಟರ್ ಎಷ್ಟರದು ಬೇಕು, ಬ್ಯಾಟರಿ ಎಷ್ಟರದು ಬೇಕು ಎಂದು ಕೆಲಸದವರು ಕೇಳಿದರೆ, ‘ನಮ್ಮ ಮಾಮಾರ್ನ ಕೇಳ್ರಿ, ಅವರು ತಿಳಿದವರು’ ಅಂದೆ. ನಾನು ತಿಳಿದವನ ಹಾಗೆ ಎಲ್ಲ ವಿವರಿಸಿದೆ. ಈ ಸಲ ತಪ್ಪು ಹೇಳಲಿಲ್ಲ. ಸಂಜೆ ನಿನ್ನ ಮೊಮ್ಮಗಳು ಹೊಸ ಲೈಟಿನ ಕೆಳಗೆ ಪುಸ್ತಕ ಹಿಡಿದು ಕುಳಿತಳು. ನೀನು ಅಡುಗೆಮನೆಯಿಂದಲೇ ಹೇಳಿದೆ, ‘ಭಾಳೊತ್ತು ಹಚ್ಚಬ್ಯಾಡವಾ. ಸಣ್ಣಾಕಿದ್ದಾಗ ನಾ ಹಿಂಗ ಓದಾಕ ಕುಂತು ಕುಂತು ನಮ್ಮ ಮನಿ ಬ್ಯಾಟರಿ ಕೆಡಿಸೀನಿ. ಕೇಳು ಬೇಕಾದ್ರ, ಅಜ್ಜಾರ್ಗೆ ಗೊತ್ತೈತಿ.’

ಹುಡುಗಿ ನನ್ನ ಮುಖ ನೋಡಿದಳು. ನಾನು ಚಹಾ ಕುಡಿಯುತ್ತಿದ್ದೆ, ಕುಡಿಯುತ್ತಲೇ ಇದ್ದೆ. ಅವಳು ಎದ್ದು ಲೈಟು ಆರಿಸಿದಳು. ನೀನು ಒಳಗಿನಿಂದ ಬಂದು, ಸೆಕೆ ಆಯಿತೇನೋ ಎಂದು ಫ್ಯಾನು ನನ್ನ ಕಡೆ ತಿರುಗಿಸಿದೆ.

ಸೋಮವಾರ ಬರುತ್ತಿದ್ದೇನೆ. ಈ ಕಾಗದವನ್ನು ಆ ಹುಡುಗಿ ಗಟ್ಟಿಯಾಗಿ ಓದಲಿ, ನಿನ್ನ ಗಂಡ, ಮಗ, ಸೊಸೆ, ನಿನ್ನ ಅಕ್ಕ ಎಲ್ಲರೂ ಕೂತು ಕೇಳಲಿ — ಅಂದು ಮಗ್ಗದ ಸುತ್ತ ಕೂತು ಕೇಳಿದ ಹಾಗೆ. ಅವಳು ಓದುವಾಗ ಲೈಟು ಹಚ್ಚಿರಲಿ. ಫ್ಯಾನು ಮಾತ್ರ ನನ್ನ ಕಡೆ ತಿರುಗಿಸಬೇಡ.